ಕಿತ್ತಳೆಯ ಬಿಳಿ ನಾರು, ಅತ್ತೆಯ ಬಿಪಿ ಪುಸ್ತಕ

ನಮ್ಮತ್ತೆ ಕಿತ್ತಳೆ ಸುಲಿಯುವುದನ್ನು ನೋಡಲು ತಾಳ್ಮೆ ಬೇಕು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲವಾದದ್ದು, ತೊಟ್ಟಿನ ಬಳಿ ಹೆಬ್ಬೆರಳು ಒತ್ತಿದರೆ ಸಾಕು, ತಾನಾಗಿ ಬಿಟ್ಟುಕೊಳ್ಳುತ್ತದೆ. ಅತ್ತೆಗೆ ಮಾತ್ರ ಕೆಲಸ ಅಲ್ಲಿಂದಲೇ ಶುರು. ತೊಳೆಗಳನ್ನು ಬಿಡಿಸಿ, ಒಂದೊಂದರ ಬೆನ್ನಿಗೆ ಅಂಟಿದ ಬಿಳಿ ನಾರನ್ನು ಉಗುರಿನ ತುದಿಯಿಂದ ಎಳೆಎಳೆಯಾಗಿ ಕಿತ್ತು, ತೊಳೆಯ ಮೇಲಿನ ಪೊರೆಯನ್ನೂ ಸೀಳಿ, ಒಳಗಿನ ರಸದ ತಿರುಳನ್ನಷ್ಟೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಡಿಸೆಂಬರ್ ತಿಂಗಳಲ್ಲಿ ಕಣದಲ್ಲಿ ಕಾಫಿ ಒಣಗುತ್ತಿರುವಾಗ ಜಗಲಿಯಲ್ಲಿ ಕುಳಿತು ಅವರು ಹೀಗೆ ಎರಡು ಹಣ್ಣು ಮುಗಿಸುವಷ್ಟರಲ್ಲಿ ಪಕ್ಕದ ಬಟ್ಟಲಿನಲ್ಲಿ ನಾರು ಮತ್ತು ಪೊರೆಯ ಒಂದು ಸಣ್ಣ ಗುಡ್ಡೆಯೇ ಬಿದ್ದಿರುತ್ತದೆ. ಅದು ದನದ ಕೊಟ್ಟಿಗೆಗೆ ಹೋಗುತ್ತದೆ.

ಅತ್ತೆಗೆ ಎಪ್ಪತ್ತಮೂರು. ಹನ್ನೊಂದು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದಾರೆ. ಮನೆಯಲ್ಲಿಯೇ ಒತ್ತಡ ಅಳೆಯುವ ಯಂತ್ರ ಕೊಂಡ ಮೇಲೆ ಅಂಕಿಗಳನ್ನು ಬರೆದಿಡಲು ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇಟ್ಟಿದ್ದೇವೆ. ಅದಕ್ಕೆ ಮನೆಯಲ್ಲಿ ಎಲ್ಲರೂ ಬಿಪಿ ಪುಸ್ತಕ ಎನ್ನುತ್ತಾರೆ. ಆ ಪುಸ್ತಕವನ್ನೂ ಈ ಬಟ್ಟಲಿನ ನಾರನ್ನೂ ಜೋಡಿಸಿ ಯೋಚಿಸುವ ಅಭ್ಯಾಸ ನನಗೆ ಕೆಲವು ವರ್ಷಗಳಿಂದ ಅಂಟಿಕೊಂಡಿದೆ. ಹಣ್ಣು ತಿಂದರೆ ಬಿಪಿ ಇಳಿಯುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ದಿನಕ್ಕೆ ಮೂರು ಸಲವಾದರೂ ಬರುತ್ತದೆ. ಇಳಿಯುವುದಾದರೆ ಯಾವ ದಾರಿಯಿಂದ, ಎಷ್ಟು, ಎಲ್ಲರಲ್ಲಿಯೂ ಒಂದೇ ತೆರನಾಗಿಯೇ ಎಂದು ಕೇಳಲು ಹೊರಟರೆ ಮಾತು ಹಣ್ಣನ್ನು ಬಿಟ್ಟು ಕರುಳಿಗೆ ಇಳಿಯುತ್ತದೆ.

ಅತ್ತೆ ಬಿಸಾಡುವ ಬಿಳಿ ನಾರಿನಲ್ಲಿ ಮತ್ತು ಪೊರೆಯಲ್ಲಿ ಹೆಸ್ಪೆರಿಡಿನ್ ಎಂಬ ವಸ್ತು ರಸಕ್ಕಿಂತ ಹೆಚ್ಚಾಗಿ ಇರುತ್ತದೆ. ಇದು ಫ್ಲೇವನಾಯ್ಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಗಿಡಗಳು ಬಿಸಿಲು, ಕೀಟ, ರೋಗಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸುವ ಸಾವಿರಾರು ವಸ್ತುಗಳ ಕುಟುಂಬ ಅದು. ಹೆಸ್ಪೆರಿಡಿನ್ನಿಗೆ ಒಂದು ವಿಚಿತ್ರವಾದ ಬಾಲವಿದೆ. ರಾಮ್ನೋಸ್ ಮತ್ತು ಗ್ಲೂಕೋಸ್ ಎಂಬ ಎರಡು ಸಕ್ಕರೆಗಳು ಒಂದಕ್ಕೊಂದು ಅಂಟಿಕೊಂಡು ಅದರ ತುದಿಯಲ್ಲಿ ನೇತಾಡುತ್ತಿರುತ್ತವೆ. ಬರೀ ಗ್ಲೂಕೋಸ್ ಆಗಿದ್ದರೆ ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿರುವ ಕಿಣ್ವಗಳೇ ಅದನ್ನು ಕತ್ತರಿಸಿ, ಉಳಿದದ್ದನ್ನು ಒಳಗೆ ಸೇರಿಸಿಕೊಳ್ಳುತ್ತಿದ್ದವು. ಆದರೆ ರಾಮ್ನೋಸನ್ನು ಕತ್ತರಿಸುವ ಕಿಣ್ವ ಮನುಷ್ಯನ ಶರೀರದಲ್ಲಿ ಇಲ್ಲ. ಹೀಗಾಗಿ ತಿಂದ ಹೆಸ್ಪೆರಿಡಿನ್ನಿನ ಬಹುಪಾಲು ಸಣ್ಣ ಕರುಳನ್ನು ಹಾಗೆಯೇ ದಾಟಿ ದೊಡ್ಡ ಕರುಳಿಗೆ ಬಂದು ಬೀಳುತ್ತದೆ. ಅಲ್ಲಿ ಕಾದಿರುವ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಆ ಕತ್ತರಿ ಇದೆ. ಅವು ಬಾಲವನ್ನು ಕತ್ತರಿಸಿ ಸಕ್ಕರೆಯನ್ನು ತಾವು ಇಟ್ಟುಕೊಂಡು, ಹೆಸ್ಪೆರೆಟಿನ್ ಎಂಬ ಉಳಿದ ತುಂಡನ್ನು ಬಿಟ್ಟುಕೊಡುತ್ತವೆ. ನಮ್ಮ ರಕ್ತಕ್ಕೆ ಸೇರುವುದು ಆ ತುಂಡು, ಮತ್ತು ಅದು ಇನ್ನಷ್ಟು ಒಡೆದು ಆದ ಸಣ್ಣಪುಟ್ಟ ಆಮ್ಲಗಳು. ಕಿತ್ತಳೆ ರಸ ಕುಡಿದ ಕೂಡಲೇ ಇದು ರಕ್ತದಲ್ಲಿ ಕಾಣುವುದಿಲ್ಲ. ಐದರಿಂದ ಏಳು ಗಂಟೆ ಕಳೆದ ಮೇಲೆ ಮೇಲೇರುತ್ತದೆ. ಅಷ್ಟು ಹೊತ್ತು ಬೇಕಾಗುವುದು ದೊಡ್ಡ ಕರುಳಿನವರೆಗೆ ಪ್ರಯಾಣ ಮಾಡಲಿಕ್ಕೆ.

ಈ ತಡವೇ ನನಗೆ ಮೊದಲು ಹಿಡಿಸಿದ ಸಂಗತಿ. ಬೆಳಿಗ್ಗೆ ಹತ್ತಕ್ಕೆ ತಿಂದ ಹಣ್ಣಿನ ಒಂದು ಪಾಲು ಮಧ್ಯಾಹ್ನದ ಊಟ ಮುಗಿದು, ನಿದ್ದೆ ಮುಗಿದು, ಸಂಜೆ ಕಾಫಿಯ ಹೊತ್ತಿಗೆ ಕೈಗೆ ಸಿಗುತ್ತದೆ, ಅದೂ ಬೇರೆಯವರ ಕೈ ದಾಟಿ. ನಮ್ಮೊಳಗೆ ಇರುವ ಬ್ಯಾಕ್ಟೀರಿಯಾಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಹೇಳುತ್ತದೆ. ನಮ್ಮದೇ ಜೀವಕೋಶಗಳ ಸಂಖ್ಯೆ 30 ಲಕ್ಷ ಕೋಟಿ. ಅಂದರೆ ಹಣ್ಣನ್ನು ಬಾಯಿಗೆ ಹಾಕುವವರು ನಾವಾದರೂ ಪಂಕ್ತಿಯಲ್ಲಿ ಕುಳಿತವರಲ್ಲಿ ಹೆಚ್ಚಿನವರು ನಾವಲ್ಲ.

ಗಿಡದ ವಸ್ತುವೊಂದು ಶರೀರವನ್ನು ಹಾದು ಹೋಗುವುದನ್ನು ಕೊಡಗಿನವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಬರುವ ಆಟಿ ಹದಿನೆಂಟು, ಕೊಡವರು ಕಕ್ಕಡ ಪದಿನೆಟ್ಟ್ ಎನ್ನುವ ದಿನ, ಕಾಡಂಚಿನಿಂದ ಮದ್ದು ಸೊಪ್ಪು ತಂದು ಕುದಿಸಿ, ಆ ಕಡುನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತೇವೆ. ಮರುದಿನ ಮೂತ್ರದ ಬಣ್ಣ ಕೆಂಪಾಗುತ್ತದೆ. ಹೊರಗಿನಿಂದ ಮದುವೆಯಾಗಿ ಬಂದ ಸೊಸೆಯಂದಿರಿಗೆ ಮೊದಲೇ ಹೇಳದಿದ್ದರೆ ಬೆಳಿಗ್ಗೆ ಗಾಬರಿಯಾಗುವುದು ಖಂಡಿತ; ನನಗೂ ಯಾರೂ ಹೇಳಿರಲಿಲ್ಲ. ಆ ಸೊಪ್ಪಿನಲ್ಲಿ ಅಂದು ಹದಿನೆಂಟು ಮದ್ದು ಸೇರುತ್ತದೆ ಎಂಬ ನಂಬಿಕೆಯ ವಿಚಾರ ಬೇರೆ. ನಾನು ಇಲ್ಲಿ ಹೇಳಹೊರಟಿರುವುದು ಬಣ್ಣದ ವಿಚಾರ ಮಾತ್ರ. ಮದ್ದು ಪಾಯಸದ ಬಣ್ಣ ಶರೀರವನ್ನು ಹಾದು ಕಣ್ಣಿಗೆ ಕಾಣುವಂತೆ ಹೊರಬರುತ್ತದೆ. ಆದರೆ ಮೇ-ಜೂನ್‌ನಲ್ಲಿ ನೇರಳೆ ಹಣ್ಣನ್ನು ಬೊಗಸೆಗಟ್ಟಲೆ ತಿಂದು ನಾಲಿಗೆ, ತುಟಿ, ಅಂಗಿ ಎಲ್ಲ ನೇರಳೆ ಮಾಡಿಕೊಂಡ ಮಕ್ಕಳಲ್ಲಿ ಹಾಗೆ ಕಾಣುವುದಿಲ್ಲ. ಆ ಬಣ್ಣವೆಲ್ಲ ಎಲ್ಲಿ ಹೋಯಿತು?

ನೇರಳೆಯ ಬಣ್ಣ ಆಂಥೋಸಯನಿನ್‌ಗಳದ್ದು, ಇವೂ ಫ್ಲೇವನಾಯ್ಡ್‌ಗಳೇ. ಹುಳಿಯಲ್ಲಿ ಕೆಂಪಗೂ ಕ್ಷಾರದಲ್ಲಿ ನೀಲಿಯಾಗಿಯೂ ಇರುವುದು ಇವುಗಳ ಸ್ವಭಾವ. ಮಕ್ಕಳ ಅಂಗಿಯ ನೇರಳೆ ಕಲೆಗೆ ಬಾರ್ ಸೋಪು ತಿಕ್ಕಿದ ತಕ್ಷಣ ಅದು ನೀಲಿಗೆ ತಿರುಗುವುದನ್ನು ಒಗೆಯುವ ಕಲ್ಲಿನ ಬಳಿ ಎಲ್ಲರೂ ನೋಡಿರುತ್ತಾರೆ. ಹೊಟ್ಟೆಯ ಹುಳಿಯಲ್ಲಿ ಗಟ್ಟಿಯಾಗಿ ನಿಲ್ಲುವ ಈ ಅಣುಗಳು ಹುಳಿ ಕಡಿಮೆಯಿರುವ ಕರುಳಿಗೆ ಬಂದಾಗ ಸಡಿಲವಾಗುತ್ತವೆ; ಅಲ್ಲಿಂದ ಮುಂದೆ ಬ್ಯಾಕ್ಟೀರಿಯಾಗಳು ಅವನ್ನು ಬಿಡಿಬಿಡಿಯಾಗಿ ಒಡೆದು ಬಣ್ಣವಿಲ್ಲದ ಆಮ್ಲಗಳನ್ನಾಗಿ ಮಾಡುತ್ತವೆ. ಬಣ್ಣ ಹೊರಗೆ ಕಾಣದ್ದರಿಂದ ಈ ವಸ್ತುಗಳು ಶರೀರಕ್ಕೆ ಸೇರುವುದೇ ಇಲ್ಲ ಎಂದು ವಿಜ್ಞಾನಿಗಳೂ ಬಹಳ ಕಾಲ ಅಂದುಕೊಂಡಿದ್ದರು. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಎಂಟು ಮಂದಿ ಗಂಡಸರಿಗೆ 500 ಮಿಲಿಗ್ರಾಂನಷ್ಟು ಒಂದು ಆಂಥೋಸಯನಿನ್ ಕೊಟ್ಟು ನೋಡಿದರು. ಅದರ ಕೆಲವು ಇಂಗಾಲದ ಪರಮಾಣುಗಳನ್ನು ಮಾಮೂಲಿಗಿಂತ ಸ್ವಲ್ಪ ಭಾರವಾದವಾಗಿ ಬದಲಿಸಿದ್ದರಿಂದ, ದನದ ಕಿವಿಗೆ ಓಲೆ ಹಾಕಿ ಗುರುತು ಹಿಡಿಯುವಂತೆ, ಅವು ಎಲ್ಲಿ ಹೋದರೂ ಪತ್ತೆಯಾಗುತ್ತಿದ್ದವು. ಕೊಟ್ಟದ್ದರಲ್ಲಿ ಸುಮಾರು ಶೇ 12 ಭಾಗ ಮೂತ್ರದಲ್ಲಿ ಮತ್ತು ಉಸಿರಿನಲ್ಲಿ ಹೊರಬಂತು. ಉಸಿರಿನಲ್ಲಿ! ಬಣ್ಣದ ಅಣು ಒಡೆದು ಒಡೆದು ಇಂಗಾಲದ ಡೈಆಕ್ಸೈಡ್ ಆಗುವವರೆಗೆ ಹೋಗಿ ಶ್ವಾಸಕೋಶದಿಂದ ಆಚೆ ಬಂದಿತ್ತು. ಎರಡು ದಿನಗಳವರೆಗೂ ಅದರ ತುಂಡುಗಳು ಶರೀರದಲ್ಲಿ ಸಿಗುತ್ತಿದ್ದವು. ಬಣ್ಣ ಮಾಯವಾಗಿತ್ತೇ ಹೊರತು ವಸ್ತು ಮಾಯವಾಗಿರಲಿಲ್ಲ.

ಈಗ ರಕ್ತದೊತ್ತಡಕ್ಕೆ ಬರುತ್ತೇನೆ. ಈ ವಿಷಯದಲ್ಲಿ ಹೆಚ್ಚು ಪ್ರಚಾರವಾದ ಅಧ್ಯಯನ 2021ರದ್ದು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಏಡೀನ್ ಕ್ಯಾಸಿಡಿ ಅವರು ಜರ್ಮನಿಯ ಕೀಲ್ ನಗರದ ಸಂಶೋಧಕರೊಂದಿಗೆ ಸೇರಿ, 25ರಿಂದ 82 ವರ್ಷದ 904 ಜನರ ಆಹಾರ, ಮಲದಲ್ಲಿನ ಬ್ಯಾಕ್ಟೀರಿಯಾ ಮತ್ತು ರಕ್ತದೊತ್ತಡವನ್ನು ಒಟ್ಟಿಗೆ ಇಟ್ಟು ನೋಡಿದರು. ದಿನಕ್ಕೆ ಸುಮಾರು 130 ಗ್ರಾಂ ಬೆರ್ರಿ ಹಣ್ಣು ತಿನ್ನುವವರಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 4.1 ಮಿಲಿಮೀಟರ್ (ಬಿಪಿ ಅಳೆಯುವುದು ಪಾದರಸದ ಮಿಲಿಮೀಟರಿನಲ್ಲಿ) ಕಡಿಮೆ ಇತ್ತು. ಆ ವ್ಯತ್ಯಾಸದಲ್ಲಿ ಸುಮಾರು ಶೇ 12ರಷ್ಟನ್ನು ಕರುಳಿನ ಬ್ಯಾಕ್ಟೀರಿಯಾಗಳ ಮೂಲಕ ವಿವರಿಸಬಹುದು ಎಂದು ಅವರು ಲೆಕ್ಕ ಹಾಕಿದರು. ಫ್ಲೇವನಾಯ್ಡ್ ಹೆಚ್ಚು ತಿನ್ನುವವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳೂ ಹೆಚ್ಚಿದ್ದವು.

ಸುದ್ದಿಯಾಗುವಾಗ ಈ ಶೇ 12 ಎಂಬುದು ಕೆಲವೆಡೆ ಬಿಪಿ ಶೇ 12ರಷ್ಟು ಇಳಿಯುತ್ತದೆ ಎಂದಾಗಿಬಿಟ್ಟಿತು. ಹಾಗಲ್ಲ. ನಾಲ್ಕು ಮಿಲಿಮೀಟರಿನಲ್ಲಿ ಶೇ 12 ಎಂದರೆ ಅರ್ಧ ಮಿಲಿಮೀಟರು. ಉಳಿದ ಮೂರೂವರೆ ಬೇರೆ ದಾರಿಗಳಿಂದ ಬಂದದ್ದು: ಹಣ್ಣಿನಲ್ಲಿರುವ ಪೊಟ್ಯಾಸಿಯಂ ಇರಬಹುದು, ನಾರಿನಂಶ ಇರಬಹುದು, ಹಣ್ಣು ತಿನ್ನುವವರು ಸಾಮಾನ್ಯವಾಗಿ ನಡೆಯುವವರೂ ಆಗಿರುತ್ತಾರೆ ಎಂಬುದೂ ಇರಬಹುದು. ಸಂಶೋಧಕರು ಇಂತಹ ಎಷ್ಟೋ ಅಂಶಗಳನ್ನು ಲೆಕ್ಕದಲ್ಲಿ ಕಳೆದಿರುತ್ತಾರೆ, ಆದರೂ ಜನ ಏನು ತಿನ್ನುತ್ತಾರೆಂದು ಕೇಳಿ ಬರೆದುಕೊಂಡ ಅಧ್ಯಯನದಲ್ಲಿ ಇದರಿಂದ ಅದಾಯಿತು ಎಂದು ಹೇಳಲು ಬರುವುದಿಲ್ಲ. ಅದೇ ಅಧ್ಯಯನದಲ್ಲಿ ವಾರಕ್ಕೆ ಮೂರು ಸಣ್ಣ ಲೋಟಕ್ಕಿಂತ ತುಸು ಕಡಿಮೆ ಕೆಂಪು ವೈನ್ ಕುಡಿಯುವವರಿಗೂ ಬಿಪಿ 3.7 ಮಿಲಿಮೀಟರ್ ಕಡಿಮೆ ಇತ್ತು. ಮಡಿಕೇರಿಯ ಅಂಗಡಿಗಳಲ್ಲಿ ಸಾಲಾಗಿ ಹೋಂಮೇಡ್ ವೈನ್ ಬಾಟಲಿ ಇಟ್ಟಿರುವ ಈ ಜಿಲ್ಲೆಯಲ್ಲಿ ಆ ಸಾಲನ್ನು ಓದಿ ಹೇಳುವುದು ಅಪಾಯ. ನಮ್ಮ ಮೈದುನನಿಗೆ ಹೇಳಿದ ತಪ್ಪಿಗೆ ಅವರು ಮುಂದಿನ ಮದುವೆಮನೆಯಲ್ಲಿ ನನ್ನ ಹೆಸರು ಹೇಳಿಯೇ ಲೋಟ ಎತ್ತಿದರು. ಮದ್ಯಸಾರ ಬಿಪಿ ಏರಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ ಎಂದು ನಾನು ಹೇಳಿದ ಉಳಿದರ್ಧ ಅವರ ಕಿವಿಗೆ ಬಿದ್ದಿರಲಿಲ್ಲ.

ಕಿತ್ತಳೆಯ ಮೇಲೆ ಇದಕ್ಕಿಂತ ಬಿಗಿಯಾದ ಒಂದು ಪ್ರಯೋಗ ನಡೆದಿದೆ. ಫ್ರಾನ್ಸಿನಲ್ಲಿ, 24 ಮಂದಿ ಮಧ್ಯವಯಸ್ಸಿನ, ಸ್ವಲ್ಪ ತೂಕ ಹೆಚ್ಚಿದ್ದ ಗಂಡಸರಿಗೆ ನಾಲ್ಕು ವಾರ ದಿನಕ್ಕೆ 500 ಮಿಲಿಲೀಟರ್ ಕಿತ್ತಳೆ ರಸ, ಇನ್ನು ನಾಲ್ಕು ವಾರ ಹೆಸ್ಪೆರಿಡಿನ್ ಸೇರಿಸಿದ ಬೇರೊಂದು ಪಾನೀಯ, ಮತ್ತೆ ನಾಲ್ಕು ವಾರ ಏನೂ ಇಲ್ಲದ ಪಾನೀಯ ಹೀಗೆ ಒಬ್ಬೊಬ್ಬರಿಗೂ ಸರದಿಯಂತೆ ಕೊಟ್ಟರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ರಸ ಕುಡಿದಾಗಲೂ ಹೆಸ್ಪೆರಿಡಿನ್ ಕುಡಿದಾಗಲೂ ಕೆಳಗಿನ ಅಂಕಿ ಇಳಿದಿತ್ತು. ಇದು ಸಣ್ಣ ಪ್ರಯೋಗ. ಆದರೆ ರಸವಿಲ್ಲದೆ ಬರಿಯ ಹೆಸ್ಪೆರಿಡಿನ್ನಿಗೂ ಅದೇ ಫಲ ಸಿಕ್ಕಿದ್ದರಿಂದ ಅತ್ತೆಯ ಬಟ್ಟಲಿನ ಗುಡ್ಡೆ ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. ಅರ್ಧ ಲೀಟರ್ ರಸಕ್ಕೆ ನಮ್ಮ ಕಿತ್ತಳೆ ಹತ್ತಾದರೂ ಬೇಕು ಎಂಬುದನ್ನೂ, ಅಷ್ಟು ಸಕ್ಕರೆ ಅತ್ತೆಯ ವಯಸ್ಸಿಗೆ ಒಳ್ಳೆಯದಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಕರುಳಿನ ಜೀವಿಗಳು ಅಷ್ಟು ದೂರದ ರಕ್ತನಾಳವನ್ನು ಹೇಗೆ ಮುಟ್ಟುತ್ತವೆ? ಒಂದು ದಾರಿ, ಅವು ಒಡೆದು ಕೊಟ್ಟ ತುಂಡುಗಳು ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಹೆಚ್ಚಲು ಸಹಾಯ ಮಾಡುವುದು. ಆ ಅನಿಲ ನಾಳವನ್ನು ಸಡಿಲಗೊಳಿಸುತ್ತದೆ. ಇನ್ನೊಂದು ದಾರಿ ಹಣ್ಣಿನ ನಾರಿನಂಶದ್ದು. ಅದನ್ನು ಹುಳಿಯಿಸಿ ಬ್ಯಾಕ್ಟೀರಿಯಾಗಳು ಅಸಿಟೇಟ್, ಪ್ರೊಪಿಯೊನೇಟ್, ಬ್ಯೂಟಿರೇಟ್ ಎಂಬ ಸಣ್ಣ ಆಮ್ಲಗಳನ್ನು ತಯಾರಿಸುತ್ತವೆ. 2013ರಲ್ಲಿ ಇಲಿಗಳಲ್ಲಿ ಕಂಡುಬಂದದ್ದು ನಿಜಕ್ಕೂ ಸೋಜಿಗ: ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ (ಜೀವಕೋಶದ ಮೇಲೆ ಕುಳಿತು ನಿರ್ದಿಷ್ಟ ವಸ್ತುವನ್ನು ಗುರುತಿಸುವ ಅಣುಗಳ) ಜಾತಿಗೆ ಸೇರಿದ ಒಂದು ಗ್ರಾಹಕ ಮೂತ್ರಪಿಂಡದಲ್ಲಿಯೂ ಇದೆ, ಅದು ಈ ಆಮ್ಲಗಳ ವಾಸನೆ ಹಿಡಿದು ಬಿಪಿ ಏರಿಸುವ ಕಡೆಗೆ ತಳ್ಳುತ್ತದೆ, ಅದೇ ಆಮ್ಲಗಳನ್ನು ಗುರುತಿಸುವ ಇನ್ನೊಂದು ಗ್ರಾಹಕ ಇಳಿಸುವ ಕಡೆಗೆ ಎಳೆಯುತ್ತದೆ. ಹಗ್ಗಜಗ್ಗಾಟದಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಇಳಿಸುವವನು. 2017ರಲ್ಲಿ ಚೀನಾದ ಸಂಶೋಧಕರು ಬಿಪಿ ಇರುವ ಮನುಷ್ಯರ ಮಲದ ಬ್ಯಾಕ್ಟೀರಿಯಾವನ್ನು, ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಸೇರಿಸಿದಾಗ ಇಲಿಗಳ ಬಿಪಿಯೂ ಏರಿತು. ಇಲಿ ಮನುಷ್ಯನಲ್ಲ, ಒಪ್ಪಿದೆ. ಆದರೂ ಕರುಳಿಗೂ ಬಿಪಿಗೂ ಸಂಬಂಧವಿಲ್ಲ ಎಂದು ಇನ್ನು ಮುಂದೆ ಯಾರೂ ಹೇಳಲಾರರು.

ಈ ಇಡೀ ಕತೆಯಲ್ಲಿ ನನಗೆ ತುಂಬ ಮುಖ್ಯ ಎನಿಸುವುದು ಬ್ಯಾಕ್ಟೀರಿಯಾ ಎಲ್ಲರಲ್ಲೂ ಒಂದೇ ಅಲ್ಲ ಎಂಬುದು. ದಾಳಿಂಬೆಯ ಉದಾಹರಣೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ದಾಳಿಂಬೆಯ ಒಗರಿಗೆ ಕಾರಣವಾದ ದೊಡ್ಡ ಅಣುಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಯುರೋಲಿಥಿನ್ ಎಂಬ ಸಣ್ಣ ವಸ್ತುಗಳಾಗಿ ಬದಲಿಸುತ್ತವೆ. ಜನರಲ್ಲಿ ಇದಕ್ಕೆ ಮೂರು ಗುಂಪುಗಳಿವೆ: ಒಂದು ಬಗೆಯ ಯುರೋಲಿಥಿನ್ ಮಾತ್ರ ಮಾಡುವವರು, ಅದರ ಜೊತೆಗೆ ಬೇರೆ ಬಗೆಯದನ್ನೂ ಮಾಡುವವರು, ಎಷ್ಟೇ ದಾಳಿಂಬೆ ತಿಂದರೂ ಯಾವುದನ್ನೂ ಮಾಡಲಾಗದವರು. ಹೆಸ್ಪೆರಿಡಿನ್ನಿನಲ್ಲೂ ಹೀಗೆಯೇ, ಒಂದೇ ಪ್ರಮಾಣದ ರಸ ಕುಡಿದ ಇಬ್ಬರ ಮೂತ್ರದಲ್ಲಿ ಸಿಗುವ ಹೆಸ್ಪೆರೆಟಿನ್ನಿನ ಪ್ರಮಾಣದಲ್ಲಿ ಬಹಳ ಅಂತರವಿರುತ್ತದೆ. ಒಂದೇ ಮರದ ಹಣ್ಣನ್ನು ಒಂದೇ ಜಗಲಿಯಲ್ಲಿ ಕುಳಿತು ತಿಂದ ಅತ್ತೆಗೂ ನನಗೂ ಅದು ಒಂದೇ ಹಣ್ಣಲ್ಲ. ಹಣ್ಣಿನ ಗುಣದ ಅರ್ಧ ಹಣ್ಣಿನಲ್ಲಿದ್ದರೆ ಇನ್ನರ್ಧ ತಿಂದವರ ಕರುಳಿನಲ್ಲಿದೆ. ಹೀಗಿರುವಾಗ ಈ ಹಣ್ಣಿಗೆ ಇಷ್ಟು ಬಿಪಿ ಇಳಿಯುತ್ತದೆ ಎಂದು ಅಂಕಿ ಹಿಡಿದು ಹೇಳುವವರನ್ನು ನಾನು ನಂಬುವುದಿಲ್ಲ.

ನಂಬದಿದ್ದರೂ ನೋಡಿಯೇಬಿಡೋಣ ಎಂದು ಹೋದ ವರ್ಷ ಕಿತ್ತಳೆ ಕಾಲದಲ್ಲಿ ಅತ್ತೆಯನ್ನು ಒಪ್ಪಿಸಿದೆ. ಆರು ವಾರ, ದಿನಕ್ಕೆ ಎರಡು ಹಣ್ಣು, ನಾರು ಕೀಳದೆ. "ದನ ತಿನ್ನೋದನ್ನ ನಂಗೆ ತಿನ್ನಿಸ್ತಿದ್ದೀಯ ಮಗಾ" ಎಂದು ಗೊಣಗಿಕೊಂಡೇ ತಿಂದರು. ಬೆಳಿಗ್ಗೆ, ಸಂಜೆ ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇರಿಸಿ ಅಳೆದೆ. ಒಂದು ಬೆಳಿಗ್ಗೆ 138, ಅದೇ ಸಂಜೆ 152, ಮರುದಿನ 131. ಆರು ವಾರದ ಸರಾಸರಿ ಅದಕ್ಕಿಂತ ಹಿಂದಿನ ತಿಂಗಳಿಗಿಂತ ಎರಡು ಅಂಕಿ ಕಡಿಮೆ. ಇದರಿಂದ ಏನೂ ಸಾಬೀತಾಗುವುದಿಲ್ಲ. ದಿನದಿಂದ ದಿನಕ್ಕೆ ಇಪ್ಪತ್ತು ಅಂಕಿ ಏರಿಳಿಯುವ ಕಡೆ ನಾಲ್ಕು ಅಂಕಿಯ ಬದಲಾವಣೆಯನ್ನು ಒಬ್ಬರೇ ಒಬ್ಬರಲ್ಲಿ ಹಿಡಿಯಲು ಹೋಗುವುದು, ಜಡಿಮಳೆಯ ಸದ್ದಿನಲ್ಲಿ ಯಾರೋ ಗೇಟು ತೆಗೆದ ಸದ್ದು ಕೇಳಲು ಹೋದ ಹಾಗೆ. ನಡುವೆ ಒಂದು ವಾರ ಅವರಿಗೆ ನೆಗಡಿ, ಎರಡು ದಿನ ನೆಂಟರ ಮನೆ, ಅಲ್ಲಿಯ ಕಣಿಲೆ ಉಪ್ಪಿನಕಾಯಿ. ಉಪ್ಪಿನ ಮಾತು ಬಂದದ್ದರಿಂದ ಹೇಳುತ್ತೇನೆ: 2017ರಲ್ಲಿ ಜರ್ಮನಿಯ ಸಂಶೋಧಕರು, ಹೆಚ್ಚು ಉಪ್ಪು ಕೊಟ್ಟಾಗ ಇಲಿಗಳ ಕರುಳಿನ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಕಡಿಮೆಯಾಗುವುದನ್ನು ಕಂಡರು, ಹನ್ನೆರಡು ಗಂಡಸರಿಗೆ ಎರಡು ವಾರ ದಿನಕ್ಕೆ 6 ಗ್ರಾಂ ಹೆಚ್ಚುವರಿ ಉಪ್ಪು ಕೊಟ್ಟಾಗಲೂ ಹಾಗೆಯೇ ಆಯಿತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಉಪ್ಪಿನಕಾಯಿ ಜಾಡಿಗಳ ನಡುವೆ ಬದುಕುವ ನಮ್ಮಂಥ ಮನೆಗಳು ಎಂದೋ ದಾಟಿವೆ.

ಬಿಪಿ ಪುಸ್ತಕದಲ್ಲಿ ಹಣ್ಣಿನ ಗುರುತು ಎದ್ದು ಕಾಣುವ ಒಂದೇ ಪುಟವೆಂದರೆ ಚಕ್ಕೋತದ್ದು. ಹಿತ್ತಲಿನ ಚಕ್ಕೋತ ಮರ ನಾಲ್ಕು ವರ್ಷದ ಹಿಂದೆ ಎಂದೂ ಇಲ್ಲದ ಹಾಗೆ ಕಾಯಿ ಬಿಟ್ಟಿತ್ತು. ಅತ್ತೆ ದಿನಾ ಅರ್ಧ ಹಣ್ಣು, ಉಪ್ಪು-ಖಾರದ ಪುಡಿ ಹಚ್ಚಿಕೊಂಡು, ಎರಡು ವಾರ ತಿಂದರು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬರುವಾಗ ತಲೆ ಸುತ್ತಿ ಗೋಡೆ ಹಿಡಿದು ಕುಳಿತರು. ಯಂತ್ರದಲ್ಲಿ 96/58. ಆಗ ಅವರು ತೆಗೆದುಕೊಳ್ಳುತ್ತಿದ್ದುದು ಫೆಲೋಡಿಪಿನ್ ಎಂಬ ಮಾತ್ರೆ. ಮಾತ್ರೆ ಬರೆದ ಆಸ್ಪತ್ರೆಯಲ್ಲಾಗಲಿ ಕೊಟ್ಟ ಅಂಗಡಿಯಲ್ಲಾಗಲಿ ಚಕ್ಕೋತ ತಿನ್ನಬೇಡಿ ಎಂದು ಒಬ್ಬರೂ ಹೇಳಿರಲಿಲ್ಲ.

ಇದರ ಹಿಂದಿನ ಕತೆ ಕೆನಡಾದ್ದು. ಡೇವಿಡ್ ಬೈಲಿ ಎಂಬ ಔಷಧ ವಿಜ್ಞಾನಿ ಇದೇ ಫೆಲೋಡಿಪಿನ್ ಮತ್ತು ಮದ್ಯ ಸೇರಿದರೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಮದ್ಯದ ರುಚಿ ಗೊತ್ತಾಗಬಾರದೆಂದು ಅದನ್ನು ದ್ರಾಕ್ಷಿಹಣ್ಣಲ್ಲದ ಗ್ರೇಪ್‌ಫ್ರೂಟ್, ಅಂದರೆ ಚಕ್ಕೋತದ ಮಗುವಾದ ಒಂದು ಹಣ್ಣಿನ ರಸದಲ್ಲಿ ಬೆರೆಸಿದರು. ರಕ್ತದಲ್ಲಿ ಔಷಧದ ಪ್ರಮಾಣ ಎಣಿಸಿದ್ದಕ್ಕಿಂತ ಹಲವು ಪಟ್ಟು ಏರಿತು. ಕಾರಣ ಮದ್ಯವಲ್ಲ, ಹಣ್ಣಿನ ರಸ ಎಂದು ಆಮೇಲೆ ತಿಳಿಯಿತು. 1989ರಲ್ಲಿ ಇದು ಪ್ರಕಟವಾಯಿತು. ಹಣ್ಣಿನಲ್ಲಿರುವ ಫ್ಯುರನೊಕೌಮರಿನ್ ಎಂಬ ವಸ್ತುಗಳು ಕರುಳಿನ ಗೋಡೆಯಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ಕೆಡಿಸಿಬಿಡುತ್ತವೆ. ಶರೀರ ಹೊಸ ಕಿಣ್ವ ತಯಾರಿಸುವವರೆಗೆ, ಅಂದರೆ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ, ಮಾತ್ರೆಯ ಹೆಚ್ಚು ಪಾಲು ರಕ್ತಕ್ಕೆ ನುಗ್ಗುತ್ತದೆ. ಇಲ್ಲಿ ಬ್ಯಾಕ್ಟೀರಿಯಾದ ಪಾತ್ರವಿಲ್ಲ, ಬಿಪಿ ಇಳಿಸಿದ್ದೂ ಹಣ್ಣಲ್ಲ, ಹಣ್ಣು ದಾರಿ ಬಿಟ್ಟುಕೊಟ್ಟ ಮಾತ್ರೆ. ಚಕ್ಕೋತದಲ್ಲೂ ಫ್ಯುರನೊಕೌಮರಿನ್‌ಗಳಿವೆ, ಪ್ರಮಾಣ ತಳಿಯಿಂದ ತಳಿಗೆ ಬೇರೆ. ಅತ್ತೆಗೆ ತಲೆ ಸುತ್ತಿದ್ದು ನಮ್ಮ ಮರದ ಹಣ್ಣಿನಿಂದಲೇ ಎಂದು ನಾನು ಆಣೆ ಮಾಡಲಾರೆ. ಆದರೆ ಹಣ್ಣು ನಿಲ್ಲಿಸಿದ ನಾಲ್ಕನೆಯ ದಿನ ಪುಸ್ತಕದಲ್ಲಿ 134 ಎಂದಿದೆ. ಮನೆಯಲ್ಲಿ ಬಿಪಿ, ಕೊಲೆಸ್ಟರಾಲ್ ಮಾತ್ರೆ ತಿನ್ನುವವರಿದ್ದರೆ ಚಕ್ಕೋತ ಕತ್ತರಿಸುವ ಮೊದಲು ಮಾತ್ರೆಯ ಹೆಸರು ಹಿಡಿದು ಡಾಕ್ಟರನ್ನು ಕೇಳಬೇಕು. ಮೂತ್ರಪಿಂಡದ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ಕಿತ್ತಳೆಯ ಬಗೆಗೂ ಕೇಳಬೇಕು.

ಆ ಘಟನೆಯಾದ ಮೇಲೆ ಡಾಕ್ಟರು ಮಾತ್ರೆ ಬದಲಿಸಿದರು. ಹೊಸ ಮಾತ್ರೆಗೂ ಚಕ್ಕೋತಕ್ಕೂ ಅಂತಹ ಜಗಳವಿಲ್ಲ, ಅಪರೂಪಕ್ಕೆ ನಾಲ್ಕು ತೊಳೆ ತಿನ್ನಬಹುದು ಎಂದಿದ್ದಾರೆ. ಉಪ್ಪು-ಖಾರದ ಪುಡಿಯ ಬಗ್ಗೆ ಅತ್ತೆ ಕೇಳಲಿಲ್ಲ. ನಾನು ಕೇಳಿದೆ, ಬೇಡ ಎಂದರು, ದಾರಿಯುದ್ದಕ್ಕೂ ಅತ್ತೆ ನನ್ನೊಡನೆ ಮಾತಾಡಲಿಲ್ಲ. ತೋಟದಲ್ಲಿ ಕಿತ್ತಳೆ ಮರಗಳು ಈಗ ಮೂರೇ ಉಳಿದಿವೆ. ಮಾವನವರ ಕಾಲದಲ್ಲಿ ಕಾಫಿಯ ನಡುವೆ ಎಲ್ಲೆಲ್ಲೂ ಇದ್ದವಂತೆ. ಎಲೆ ಹಳದಿಯಾಗಿಸಿ ಮರವನ್ನು ಒಣಗಿಸುವ ಗ್ರೀನಿಂಗ್ ರೋಗಕ್ಕೂ ಕಾರಣ ಒಂದು ಬ್ಯಾಕ್ಟೀರಿಯಾವೇ, ಒಂದು ಪುಟ್ಟ ಕೀಟ ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರದಿಂದ ತಂದ ಐದು ಕಸಿ ಗಿಡಗಳನ್ನು ಹೋದ ಜೂನ್‌ನಲ್ಲಿ ಮನೆಯ ಹತ್ತಿರದ ಏರಿನಲ್ಲಿ ನೆಟ್ಟಿದ್ದೇನೆ. ನಾಲ್ಕು ಚಿಗುರಿವೆ. ಅತ್ತೆ ಈ ಸಲ ಕಿತ್ತಳೆ ಸುಲಿಯುವಾಗ ನಾರನ್ನು ಕೀಳುತ್ತಲೇ ಇದ್ದಾರೆ, ಆದರೆ ತೊಳೆಯ ಪೊರೆಯನ್ನು ಸೀಳುವುದು ಬಿಟ್ಟಿದ್ದಾರೆ. ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ದೂರು ಮಾತ್ರ ದಿನಾ ಸಂಜೆ, ಯಂತ್ರದ ಪಟ್ಟಿ ತೋಳಿಗೆ ಸುತ್ತುವ ಹೊತ್ತಿಗೆ ಸರಿಯಾಗಿ, ಬರುತ್ತದೆ. ಮಾತಾಡಿದರೆ ಅಂಕಿ ಏರುತ್ತದೆ ಅತ್ತೆ, ಐದು ನಿಮಿಷ ಸುಮ್ಮನಿರಿ ಎಂದು ನಾನು ಹೇಳಬೇಕಾಗುತ್ತದೆ.